ನೆಶ್ ಎಂಬ ಪದದ ಅರ್ಥ

ಕಳೆದ ಸಂಕ್ರಾಂತಿಯ ಸಂಜೆ ನಾನು ನಿಂತಿದ್ದುದು ಅಮೆರಿಕದ ಮೆಟುಚೆನ್‌ನಲ್ಲಿ, ಗೆಳೆಯನ ಮನೆಯ ಗ್ಯಾರೇಜಿನೊಳಗೆ, ಶೂಗಳ ರಾಶಿಯ ಪಕ್ಕ. ಬಾಗಿಲನ್ನು ಪೂರ್ತಿ ಮೇಲೆತ್ತಿದ್ದರು. ಹೊರಗೆ ಹಿಮ ಗಟ್ಟಿಯಾಗಿತ್ತು. ಊಟ, ಎಳ್ಳು-ಬೆಲ್ಲ ಎಲ್ಲ ಮುಗಿದು "ಬರ್ತೀವಿ" ಎಂದಾಗಿತ್ತು. ಹಾಗೆಂದ ಮೇಲೆಯೇ ನಮ್ಮವರ ಮಾತು ಶುರುವಾಗುವುದು.

ಮೈಸೂರಿನಿಂದ ಬಂದಿದ್ದ ಗೆಳೆಯನ ಮಾವನವರೂ ನಮ್ಮನ್ನು ಕಳಿಸಲು ಬಂದು ನಿಂತರು. ಅತಿಥಿಗಳು ಕಾರು ಹತ್ತುವ ಮೊದಲು ಹಿರಿಯರು ಒಳಗೆ ಹೋಗುವುದು ಅವರ ಪ್ರಕಾರ ಮರ್ಯಾದೆಯಲ್ಲ. ಕಾಲಿಗೆ ಹವಾಯಿ ಚಪ್ಪಲಿ, ತಲೆಗೆ ಮಂಕಿ ಕ್ಯಾಪ್.

ಅದನ್ನು ನೋಡಿ, ನನ್ನಂತೆಯೇ ಊಟಕ್ಕೆ ಬಂದಿದ್ದ ಧಾರವಾಡ ಕಡೆಯ ನಿವೃತ್ತ ಇಂಗ್ಲಿಷ್ ಮೇಷ್ಟ್ರಿಗೆ ಉತ್ಸಾಹ ಬಂತು. "ನಿಮ್ಮಂಥವ್ರಿಗೆ ಇಂಗ್ಲೆಂಡಿನ ಹಳ್ಳಿ ಕಡೆ ಒಂದು ಶಬ್ದ ಅದ ನೋಡ್ರಿ. ನೆಶ್! ಥಂಡಿ ತಡಕೊಳ್ಳಲಾರದವ!"

ಎಲ್ಲರೂ ನಕ್ಕರು. "ಹಾಗೇನಿಲ್ಲಪ್ಪ, ನನಗೆಂಥ ಚಳಿ?" ಎಂದು ಮಾವನವರು ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡರು.

ಮೇಷ್ಟ್ರು ಮುಂದುವರಿಸಿದರು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಆ ಪದಕ್ಕೆ ಮೆತ್ತಗಿನದು, ಎಳೆಯದು ಎಂದರ್ಥ. ಆಗ ಮೊದಲಲ್ಲಿ ಹಕಾರವಿತ್ತು, ಆಮೇಲೆ ಉದುರಿತು. ಪುಸ್ತಕದ ಭಾಷೆ ಪದವನ್ನು ಕೈಬಿಟ್ಟರೂ ಇಂಗ್ಲೆಂಡಿನ ಉತ್ತರದ, ನಡುನಾಡಿನ ಜನ ಒಬ್ಬರನ್ನೊಬ್ಬರು ಹಂಗಿಸಲು ಉಳಿಸಿಕೊಂಡರು.

"ಮೂಲ ಸಂಸ್ಕೃತಾನೇ ಇರುತ್ತೆ ಸಾರ್, ಎಲ್ಲಾ ಅಲ್ಲಿಂದ್ಲೇ ಹೋಗಿದ್ದು" ಎಂದ ಗೆಳೆಯ.

"ಏನ್ ಸಂಸ್ಕೃತರೀ! ಆಧಾರ ಏನದ?"

ಇಬ್ಬರೂ ದಪ್ಪ ಜಾಕೆಟ್ಟಿನೊಳಗಿಂದ ವಾದಿಸಿದರು. ಜರ್ಮನಿಯವರೆಗೂ ಹೋಗಿ ಬಂದರು. ಮೊಮ್ಮಗಳು ಅಜ್ಜನ ಕೈ ಹಿಡಿದು ನೋಡಿದಳು.

"ತಾತ, ಯುವರ್ ಹ್ಯಾಂಡ್ಸ್ ಆರ್ ಫ್ರೀಜಿಂಗ್. ಕಮ್ ಇನ್‌ಸೈಡ್."

"ಇರು ಪುಟ್ಟಿ, ಮೇಷ್ಟ್ರು ಮಾತಾಡ್ತಿದಾರೆ."

ಅವರ ತುಟಿ ನಡುಗುತ್ತಿತ್ತು. ಚಳಿಯನ್ನು ಕುರಿತ ಪದದ ಹುಟ್ಟೂರು ಹುಡುಕುತ್ತಿದ್ದವರಿಗೆ ಅದನ್ನು ನೋಡಲು ಪುರುಸೊತ್ತಿರಲಿಲ್ಲ.

ಕೊನೆಗೂ ಮೇಷ್ಟ್ರ ಕಾರು ಹೊರಟಿತು, ನಾನೂ ನನ್ನ ಕಾರು ಹತ್ತಿದೆ. ಮಾವನವರು ಕೈಮುಗಿದು, ಒಳಗೆ ಹೋಗಲು ತಿರುಗಿದರು. ಮರಗಟ್ಟಿದ ಕಾಲು ಅವರ ಜೊತೆ ತಿರುಗಲಿಲ್ಲ. ಸಿಮೆಂಟಿನ ಮೇಲೆ ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ಆಮೇಲೆ ನ್ಯುಮೋನಿಯಾ. ಯುಗಾದಿಗೆ ಅವರಿರಲಿಲ್ಲ.

ಮಾತಾಡಿಸಲು ಬಂದ ಮೇಷ್ಟ್ರು, "ಆ ಚಪ್ಪಲಿ ಸರಿ ಇರಲಿಲ್ರೀ" ಎಂದರು. ಗೆಳೆಯ ಹೌದೆಂಬಂತೆ ತಲೆಯಾಡಿಸಿದ.

ಅವರು ಬಿದ್ದುದನ್ನು ಕಂಡವರು ನಾನು, ಗೆಳೆಯ ಮತ್ತು ತಾತನನ್ನು ಒಳಗೆ ಕರೆದಿದ್ದ ಅವನ ಮಗಳು. ಅವಳಿಗೆ ಹನ್ನೊಂದು ವರ್ಷ. ನಮ್ಮೆಲ್ಲರಿಗಿಂತ ಹೆಚ್ಚು ಕಾಲ ಅದನ್ನು ನೆನಪಿಟ್ಟುಕೊಂಡು ಇರುವವಳು ಅವಳೇ.