ಬಟುಮಿಯ ಕ್ಯಾಸಿನೊಗೆ, ದಾಮಣ್ಣನ ಜೊತೆ

ಅಬ್ಬಾಸಿಯಾದಿಂದ ಕುವೈತ್ ವಿಮಾನ ನಿಲ್ದಾಣ ಕೂಗಳತೆಯ ದೂರ. ದಾಮಣ್ಣನ ಕಟ್ಟಡದ ತಾರಸಿಯಲ್ಲಿ ಬಟ್ಟೆ ಒಣಹಾಕುವವರಿಗೆ ಇಳಿಯುವ ವಿಮಾನಗಳ ಹೊಟ್ಟೆ ಕಾಣುತ್ತದೆ. ಆದರೂ ನಾವು ಹೊರಟ ಬೆಳಿಗ್ಗೆ ಆ ಗಲ್ಲಿಗಳಿಂದ ಹೊರಬೀಳುವುದಕ್ಕೇ ಟ್ಯಾಕ್ಸಿ ಅರ್ಧ ಗಂಟೆ ತೆಗೆದುಕೊಂಡಿತು. ಶಾಲೆಯ ಬಸ್ಸುಗಳು, ತರಕಾರಿ ಪಿಕಪ್ಪುಗಳು, ಉಕ್ಕಿದ ಚರಂಡಿ, ಮೇಲೆ ಧೂಳಿನ ಗಾಳಿ. ದಾಮಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದರು ಎಂದು ಬರೆಯಲು ಹೊರಟಿದ್ದೆ. ಫೋನಿನಲ್ಲಿರುವ ಫೋಟೊದಲ್ಲಿ ಅಂಗಿ ನೀಲಿ. ಬಿಳಿ ಬಣ್ಣ ಆಮೇಲೆ ನನ್ನ ತಲೆ ಬಳಿದದ್ದು. ಮುಂದಿನದನ್ನೂ ಓದುಗರು ಇಷ್ಟು ಅನುಮಾನ ಇಟ್ಟುಕೊಂಡೇ ಓದಬೇಕು.

ದಾಮೋದರ ಕಾರ್ಕಳದ ಕಡೆಯವರು. ಕುವೈತಿನ ಒಂದು ಕೇಟರಿಂಗ್ ಕಂಪನಿಯಲ್ಲಿ ಸ್ಟೋರ್‌ಕೀಪರ್. ನಾನು ಹಾಸನದವನು, ಮೀನಾ ಅಲ್ ಅಹ್ಮದಿಯ ತೈಲ ಘಟಕದಲ್ಲಿ ಕೆಲಸ, ಅಬು ಹಲೀಫಾದಲ್ಲಿ ಮನೆ. ನಮ್ಮ ಕ್ಯಾಂಟೀನಿಗೆ ಅವರ ಕಂಪನಿಯ ಊಟ ಬರುತ್ತಿದ್ದಾಗ ಪರಿಚಯ. ಹೆಂಡತಿ ಮಕ್ಕಳು ಊರಿಗೆ ಹೋದ ತಿಂಗಳುಗಳಲ್ಲಿ ಶುಕ್ರವಾರದ ಊಟ ನನಗೆ ಅವರ ಕೋಣೆಯಲ್ಲೇ.

ಆ ಕೋಣೆಯಲ್ಲಿ ರಮ್ಮಿ ಆಡುತ್ತಾರೆ, ಹಣಕ್ಕಲ್ಲ. ಹಣ ಕಟ್ಟಿ ಆಡಿದರೆ ಪೊಲೀಸು, ಗಡಿಪಾರು. ಅಲ್ಲಿ ಪಣಕ್ಕಿಡುವುದು ಪಾಳಿ. ಗುರುವಾರ ಸಂಜೆ ಸೋತವನು ಮರುವಾರದ ಶುಕ್ರವಾರ ಇಡೀ ಕೋಣೆಗೆ ಅಡಿಗೆ ಮಾಡಬೇಕು, ಪಾತ್ರೆ ತೊಳೆಯಬೇಕು. ದಾಮಣ್ಣ ಸೋಲುವುದು ಅಪರೂಪ. ಎಲೆ ಕಲಸುವಾಗ ಅವರ ಬೆರಳು ನೋಡುವುದಕ್ಕೇ ನಾನು ಕೂರುತ್ತಿದ್ದೆ. ಜೀವಮಾನದಲ್ಲಿ ಒಮ್ಮೆ ನಿಜವಾದ ಮೇಜಿನ ಮುಂದೆ ಕೂತು ಆಡಬೇಕು ಎಂಬುದು ಅವರ ಬಹಳ ದಿನದ ಆಸೆ. ಕುವೈತಿನಲ್ಲಿ ಕ್ಯಾಸಿನೊ ಇಲ್ಲ. ಇಲ್ಲಿಯ ಇಕಾಮಾ, ಅಂದರೆ ವಾಸದ ಪರವಾನಗಿ, ಇದ್ದವರಿಗೆ ವೀಸಾ ಕೇಳದ, ಮೂರು ಗಂಟೆ ಚಿಲ್ಲರೆಯಲ್ಲಿ ತಲುಪಬಹುದಾದ ಊರು ಜಾರ್ಜಿಯಾದ ಬಟುಮಿ.

ಈದ್ ರಜೆಯಲ್ಲಿ ಟಿಕೆಟ್ಟಿನ ದರ ದುಪ್ಪಟ್ಟು. ಹಾಗಾಗಿ ರಜೆ ಮುಗಿದ ವಾರಕ್ಕೆ ಗೊತ್ತುಮಾಡಿದೆವು. ಇದ್ದ ತೊಡಕು ದಾಮಣ್ಣನ ಎಕ್ಸಿಟ್ ಪರ್ಮಿಟ್. ಕಂಪನಿ ಒಪ್ಪದೆ ನೌಕರ ದೇಶ ಬಿಡುವಂತಿಲ್ಲ. ಅವರ ಕಂಪನಿ ಈ ಒಪ್ಪಿಗೆಗೆ ಜನರನ್ನು ಸತಾಯಿಸುವುದರಲ್ಲಿ ಹೆಸರಾದದ್ದು. ಅಂಥದ್ದರಲ್ಲಿ ದಾಮಣ್ಣ ಫೋನಿನಲ್ಲಿ ಅರ್ಜಿ ಒತ್ತಿ ಚಾ ಕುಡಿದು ಲೋಟ ಇಡುವಷ್ಟರಲ್ಲಿ ಹಸಿರು ಗುರುತು ಬಂತು.

"ನಿಮ್ಮ ಮೇಲೆ ಕಂಪನಿಗೆ ಎಂತ ಪ್ರೀತಿ ದಾಮಣ್ಣ," ಎಂದ ಹ್ಯಾರಿಸ್. ಅದೇ ಕಂಪನಿಯ ಡ್ರೈವರ್, ಉಳ್ಳಾಲದ ಬ್ಯಾರಿ ಹುಡುಗ, ದಾಮಣ್ಣನ ಎದುರಿನ ಮಂಚದವನು. "ನಂಗೆ ಅಜ್ಜಿ ತೀರಿಹೋದಾಗ ವಾರ ಕಾಯಿಸಿದ್ರು."

"ನೀನು ಗಾಡಿ ಗುದ್ದಿಸ್ತೀ. ನಾನು ಒಂದು ಚೀಲ ಅಕ್ಕಿ ತಪ್ಪಿಸಿಲ್ಲ. ಅದಕ್ಕೆ."

"ಹಾಗಾದ್ರೆ ತಂಗಿಯ ನಿಕಾಹ್‌ಗೆ ನೀವೇ ನನ್ನ ಅರ್ಜಿ ಹಾಕಿ. ನಿಮ್ಮ ಕೈಗುಣ ಒಳ್ಳೇದುಂಟು."

ಎಲ್ಲರೂ ನಕ್ಕೆವು. ಇಕಾಮಾ ನವೀಕರಣಕ್ಕೆ ಕೊಟ್ಟು ಕಾಯುತ್ತಿರುವವರು ದೇಶ ಬಿಡಬಾರದು ಎಂಬುದು ಹಳಬರಿಗೆಲ್ಲ ಗೊತ್ತು. ದಾಮಣ್ಣನದು ಕೊಟ್ಟು ಕೆಲವು ವಾರಗಳಾಗಿದ್ದವು, ಹಳೆಯದರ ಅವಧಿ ಇನ್ನೂ ಮುಗಿದಿರಲಿಲ್ಲ. ಆದರೆ ಒಪ್ಪಿಗೆ ಅಷ್ಟು ಬೇಗ ಬಂದದ್ದರಿಂದ ಉಳಿದದ್ದೂ ಸರಿಯಿದೆ ಎಂದುಕೊಂಡೆವು. ಆ ಗುರುವಾರ ದಾಮಣ್ಣ ರಮ್ಮಿಯಲ್ಲಿ ಸೋತರು. ಬಟುಮಿಯಿಂದ ಬಂದ ಮಾರನೆಯ ಶುಕ್ರವಾರದ ಅಡಿಗೆ ಅವರ ಪಾಲಿಗೆ ಬಿತ್ತು.

ಬಟುಮಿಯಲ್ಲಿ ಜಿನುಗು ಮಳೆ. ಸಮುದ್ರದ ದಂಡೆಯಲ್ಲಿ ಮರಳಿಲ್ಲ, ಉರುಟು ಕಲ್ಲು. ದೋಣಿಯಾಕಾರದ ರೊಟ್ಟಿಯ ನಡುವೆ ಹಸಿ ಮೊಟ್ಟೆ ಒಡೆದು, ಬೆಣ್ಣೆ ಇಟ್ಟು ಕೊಟ್ಟರು. ದಾಮಣ್ಣ ಅದನ್ನು ತಿಂದು, "ಒಂದು ಹಸಿಮೆಣಸು ಇದ್ದಿದ್ರೆ ಊಟ ಅನ್ನಬಹುದಿತ್ತು," ಎಂದರು.

ಮೊದಲ ದಿನವೆಲ್ಲ ಕ್ಯಾಸಿನೊ ಆರಿಸುವುದೇ ಕೆಲಸವಾಯಿತು. ದೊಡ್ಡ ಹೋಟೆಲು ಕಂಡಲ್ಲೆಲ್ಲ ಕ್ಯಾಸಿನೊದ ಫಲಕ. ಗಾಜಿನ ಗೋಪುರದಂಥದ್ದೊಂದು. ಅದರ ಬಾಗಿಲಲ್ಲಿ ನಿಂತವರ ಉಡುಪು ನೋಡಿ ದಾಮಣ್ಣ ತಮ್ಮ ಚಪ್ಪಲಿ ನೋಡಿಕೊಂಡರು. ನಮ್ಮ ಹೋಟೆಲಿನ ಕೆಳಗೇ ಇನ್ನೊಂದು. ಅಲ್ಲಿ ಕುವೈತಿನಿಂದ ನಮ್ಮ ವಿಮಾನದಲ್ಲೇ ಬಂದಿದ್ದ ಮಲಯಾಳಿ ಗುಂಪು ಸೆಲ್ಫಿ ತೆಗೆಯುತ್ತಿತ್ತು.

"ಅದು ಬೇಡ ಮಾರಾಯ್ರೆ. ನಾಳೆ ಅಬ್ಬಾಸಿಯಾದಲ್ಲಿ ಮೀನು ತಗೊಳ್ವಾಗ, ಎಷ್ಟು ಬಂತು ದಾಮಣ್ಣ ಅಂತ ಕೇಳ್ತಾರೆ."

"ಬಂದ್ರೆ ಹೇಳಿ. ಹೋದ್ರೆ ಬಾಯ್ಮುಚ್ಕೊಂಡಿರಿ," ಎಂದೆ.

"ಬರುದು ಹೋಗುದು ಅಲ್ಲ. ಕೂರ್ಲಿಕ್ಕೆ ಬಿಡ್ತಾರಾ, ಅದು ನೋಡುವ."

ನಾನು ಫೋನಿನಲ್ಲಿ ಬೇರೆಯವರು ಬರೆದ ಅನುಭವಗಳನ್ನು ಓದಿ ಹೇಳುತ್ತಿದ್ದೆ: ಇಲ್ಲಿ ಊಟ ಪುಕ್ಕಟೆ, ಅಲ್ಲಿ ಹೊಸಬರನ್ನು ಗದರುತ್ತಾರೆ, ಇಲ್ಲಿ ಸಣ್ಣ ಆಟವೂ ಇದೆ. ಕೊನೆಗೆ ಹಳೆಯ ಕಟ್ಟಡವೊಂದರ ನೆಲಮಹಡಿಯಲ್ಲಿದ್ದದ್ದನ್ನು ಆರಿಸಿದೆವು. ಸಣ್ಣದು, ಗದರದವರು, ಮಧ್ಯಾಹ್ನವೂ ತೆರೆದಿರುತ್ತದೆ. ಪಾರ್ಕಿನಲ್ಲಿ ಕುಳಿತು ಚರ್ಚೆ ಮಾಡಿ ಆರಿಸಿದ್ದು. ಅಷ್ಟು ಎಚ್ಚರದಿಂದ ದಾಮಣ್ಣ ಕುವೈತಿನ ಕಂಪನಿಯನ್ನು ಆರಿಸಿರಲಿಲ್ಲ. ಅದನ್ನು ಮುಂಬೈಯ ಏಜೆಂಟ್ ಆರಿಸಿದ್ದ.

ಮರುದಿನ ಮಧ್ಯಾಹ್ನ ಹೋದೆವು. ಒಳಬಾಗಿಲ ಪಕ್ಕದ ಕೌಂಟರಿನಲ್ಲಿ ಒಬ್ಬಳು ಹುಡುಗಿ ಗುರುತಿನ ದಾಖಲೆ ಕೇಳಿದಳು. ಪಾಸ್‌ಪೋರ್ಟ್ ದಾಮಣ್ಣನ ಕಿಸೆಯಲ್ಲೇ ಇತ್ತು. ಆದರೆ ಕುವೈತಿನಲ್ಲಿ ಬದುಕಿದವರ ಕೈ ಬೇರೆ ರೀತಿ ಪಳಗಿರುತ್ತದೆ. ಆಸ್ಪತ್ರೆ, ಬ್ಯಾಂಕು, ಪೊಲೀಸು, ಯಾರು ಏನು ಕೇಳಿದರೂ ಮೊದಲು ಚಾಚುವುದು ಬತಾಕಾ, ಅಲ್ಲಿಯ ಗುರುತಿನ ಚೀಟಿ. ಈಗ ಅದು ಫೋನಿನಲ್ಲೂ ಇರುತ್ತದೆ. ದಾಮಣ್ಣ ಅಭ್ಯಾಸಬಲದಿಂದ ಫೋನು ತೆರೆದು ಹುಡುಗಿಯ ಮುಂದೆ ಹಿಡಿದರು. ಆಕೆ, ಇದಲ್ಲ, ಎಂದು ತಲೆಯಾಡಿಸಿದಳು. ಪರದೆಯ ಮೇಲೆ ದಾಮಣ್ಣನ ಮುಖ ಇರಲಿಲ್ಲ. ಚೀಟಿ ಚಾಲ್ತಿಯಲ್ಲಿಲ್ಲ ಎಂಬ ಒಂದು ಸಾಲು ಇತ್ತು.

"ನೆಟ್ ಇಲ್ಲ ಕಾಣ್ತದೆ," ಎಂದರು ದಾಮಣ್ಣ.

ನನ್ನದನ್ನು ತೆರೆದೆ. ನನ್ನ ಮುಖ ಇತ್ತು.

ಹೊರಗೆ ಬಂದು ಸೂರಿನ ಕೆಳಗೆ ನಿಂತು ಅವರು ಮಂದೂಬ್‌ಗೆ ಫೋನು ಮಾಡಿದರು. ಮಂದೂಬ್ ಎಂದರೆ ಕಂಪನಿಯ ಪರವಾಗಿ ಸರಕಾರಿ ಕಚೇರಿಗಳಿಗೆ ಓಡಾಡುವವನು, ಈಜಿಪ್ತಿನವ. ಸ್ಪೀಕರಿನಲ್ಲಿ ಅವನ ದನಿ ಸ್ಪಷ್ಟವಾಗಿ ಕೇಳಿತು.

"ದಾಮೋದರ್ ಭಾಯಿ, ತುಮ್ಹಾರಾ ಇಕಾಮಾ ಖಲಾಸ್. ಕಂಪನಿ ಕ್ಯಾನ್ಸಲ್ ಕಿಯಾ. ಇಂಡಿಯಾ ಜಾವ್, ಆರಾಮ್ ಕರೋ."

"ಮೇರಾ ಸಾಮಾನ್? ಮೇರಾ ಹಿಸಾಬ್?"

"ಬಾದ್ ಮೇ, ಬಾದ್ ಮೇ. ಯಲ್ಲಾ." ಸಾಮಾನು, ಬರಬೇಕಾದ ಬಾಕಿ ಎಲ್ಲ ಆಮೇಲೆ ಎಂದು ಅವನು ಫೋನು ಇಟ್ಟ.

ಒಪ್ಪಿಗೆ ಯಾಕೆ ಅಷ್ಟು ಬೇಗ ಬಂತು ಎಂಬುದು ಆಗ ತಿಳಿಯಿತು. ದೇಶದೊಳಗಿರುವ ನೌಕರನನ್ನು ತೆಗೆದರೆ ಅವನು ಕಾರ್ಮಿಕ ಕಚೇರಿಯ ಕೌಂಟರಿನಲ್ಲಿ ಹೋಗಿ ನಿಲ್ಲುತ್ತಾನೆ, ಬರಬೇಕಾದದ್ದನ್ನು ಕೇಳುತ್ತಾನೆ. ಹೊರಗೆ ಹೋದವನು ಇಕಾಮಾ ಇಲ್ಲದೆ ಮತ್ತೆ ಒಳಗೆ ಬರುವಂತಿಲ್ಲ, ಅವನಿಗೆ ನಿಲ್ಲಲು ಕೌಂಟರೇ ಇಲ್ಲ. ಅವನಾಗಿಯೇ ರಜೆ ಕೇಳಿ ಹೋಗಿದ್ದಾನೆ. ಕಂಪನಿ ಬಾಗಿಲು ತೆರೆದದ್ದು ಮಾತ್ರ.

ದಾಮಣ್ಣ ಎಷ್ಟು ಹೊತ್ತು ನಿಂತಿದ್ದರೋ ನೆನಪಿಲ್ಲ. ಬಹಳ ಹೊತ್ತು ಎಂದು ಬರೆದರೆ ಚೆಂದ. ಬಹುಶಃ ಮಳೆ ಒಂದಿಷ್ಟು ಕಡಿಮೆಯಾಗುವವರೆಗೆ. ಆಮೇಲೆ ಕಿಸೆಯಿಂದ ಪಾಸ್‌ಪೋರ್ಟ್ ತೆಗೆದರು.

"ಬಂದದ್ದಾಯ್ತಲ್ಲ. ಹೋಗುವ."

"ಬೇಡ ದಾಮಣ್ಣ, ರೂಮಿಗೆ ಹೋಗೋಣ."

"ರೂಮಿಗೆ ಹೋಗಿ ಎಂತ ಮಾಡ್ಲಿಕ್ಕುಂಟು?"

ಹುಡುಗಿ ಪಾಸ್‌ಪೋರ್ಟ್ ನೋಡಿ, ಫೋಟೊ ತೆಗೆದು, ನಗುತ್ತಾ ಒಳಗೆ ಬಿಟ್ಟಳು. ಒಳಗೆ ಕಿಟಕಿಗಳಿರಲಿಲ್ಲ. ಯಂತ್ರಗಳ ಮುಂದೆ ಒಬ್ಬಿಬ್ಬರು ಮುದುಕಿಯರು. ರಮ್ಮಿಯ ಮೇಜು ಇರಲಿಲ್ಲ. ಎಲೆಯ ಆಟ ಇದ್ದ ಒಂದು ಮೇಜಿನಲ್ಲಿ ದಾಮಣ್ಣ ಕೂತರು. ಕರಿ ಕೋಟಿನ ಹುಡುಗ ಅವರ ಮುಂದೆ ಎರಡು ಎಲೆ ಹಾಕಿದ. ದಾಮಣ್ಣ ಬೆರಳು ಚಾಚಿದ ಕೂಡಲೆ ಅವನು ಮರ್ಯಾದೆಯಿಂದಲೇ ಕೈ ಅಡ್ಡ ಹಿಡಿದ.

"ಮುಟ್ಟಬಾರದಂತೆ," ಎಂದು ನಾನು ಹೇಳಿದೆ. "ಅವರೇ ಹಾಕ್ತಾರೆ, ಅವರೇ ತೆಗೀತಾರೆ. ನೀವು ಬೇಕು ಬೇಡ ಅಂತ ಕೈ ತೋರಿಸಿದರೆ ಸಾಕು."

"ಮತ್ತೆ ನಾನು ಆಡುದು ಎಂತದು?"

ಆ ಒಂದು ಆಟದಲ್ಲಿ ಅವರು ಗೆದ್ದರು. ಈ ಮಾತು ಕತೆ ಕಟ್ಟಿದಂತೆ ಕೇಳುತ್ತದೆ, ನನಗೂ ಬೇಡವಾಗಿತ್ತು. ಆದರೆ ಗೆದ್ದದ್ದು ನಿಜ. ಗೆದ್ದ ಬಿಲ್ಲೆಗಳನ್ನು ಅವರು ತೆಗೆಯಲಿಲ್ಲ. ನಾನು ಎತ್ತಿಕೊಂಡು ಹಿಂದೆ ನಡೆದೆ.

ಬಟುಮಿಯ ನಿಲ್ದಾಣದಲ್ಲಿ ನಮ್ಮ ಸಾಲುಗಳು ಬೇರೆಯಾದವು. ನನಗೆ ಕುವೈತ್. ಅವರಿಗೆ ಇಸ್ತಾಂಬುಲ್, ಅಲ್ಲಿಂದ ಮುಂಬೈ, ಆಮೇಲೆ ಮಂಗಳೂರಿಗೆ ಬಸ್ಸು. ಇಪ್ಪತ್ತು ಚಿಲ್ಲರೆ ವರ್ಷ ಕುವೈತಿನಲ್ಲಿ ದುಡಿದು ಊರಿಗೆ ಹೊರಟವರ ಕೈಯಲ್ಲಿ ಇದ್ದದ್ದು ಎರಡು ದಿನದ ಬಟ್ಟೆಯ ಚೀಲ.

"ಊರಲ್ಲಿ ಮಗಳಿಗೆ ಹೇಳಿದ್ರಾ?" ಎಂದು ಕೇಳಿದೆ.

"ರಜೆಯಲ್ಲಿ ಬರ್ತಿದ್ದೇನೆ ಅಂತ ಹೇಳಿದ್ದೇನೆ. ಸುಳ್ಳಲ್ಲ." ಸ್ವಲ್ಪ ನಡೆದು ಹಿಂದೆ ಬಂದರು. "ಈ ಶುಕ್ರವಾರದ ಅಡಿಗೆ ನನ್ನದು. ಅವರು ಹೋಟೆಲಿಂದ ತಂದು ತಿನ್ನುದು ಬೇಡ. ನೀವು ಮಾಡಿ. ಕಾಯಿ ಹುರಿವಾಗ ಕರಂಚಬೇಡಿ."

ಕುವೈತಿನಲ್ಲಿ ವಿಮಾನದ ಬಾಗಿಲು ತೆರೆದೊಡನೆ ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಶುಕ್ರವಾರ ಕೋಳಿ, ತೆಂಗಿನಕಾಯಿ ಹಿಡಿದು ಅಬ್ಬಾಸಿಯಾಕ್ಕೆ ಹೋದೆ. ದಾಮಣ್ಣನ ಮಂಚದಲ್ಲಿ ಹೊಸಬನೊಬ್ಬ ಮಲಗಿದ್ದ. ಬಾಡಿಗೆ ಹಂಚಿಕೊಳ್ಳುವ ಕೋಣೆಯಲ್ಲಿ ಮಂಚ ಖಾಲಿ ಬಿಡುವುದಿಲ್ಲ, ಅದರಲ್ಲಿ ಯಾರ ತಪ್ಪೂ ಇಲ್ಲ. ಸಾಮಾನನ್ನು ಎರಡು ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿ ಹಗ್ಗ ಕಟ್ಟಿಟ್ಟಿದ್ದರು. ಕಾಯಿ ಸೀದು ಕರಂಚಿತು. ಸಾರು ಕಹಿಯಾಯಿತು. ಎಲ್ಲರೂ ಉಂಡರು, ಹೊಸಬನೂ ಉಂಡ.

ಪಾತ್ರೆ ತೊಳೆಯುವಾಗ ಹ್ಯಾರಿಸ್ ಅಡಿಗೆಮನೆಗೆ ಬಂದ. ಫೋನು ನನ್ನ ಮುಂದೆ ಹಿಡಿದ.

"ತಂಗಿಯ ನಿಕಾಹ್‌ಗೆ ಅರ್ಜಿ ಹಾಕಿದ್ದೆ ಸಾರ್. ಇವತ್ತು ಬೆಳಿಗ್ಗೆ, ರಜೆಯ ದಿವಸ."

ಪರದೆಯ ಮೇಲೆ ಹಸಿರು ಗುರುತು.

"ಹಾಕಿ ಮುಖ ತೊಳ್ದು ಬರುವಷ್ಟರಲ್ಲಿ ಬಂತು," ಎಂದ. "ಹೋಗುದಾ? ಅಪ್ಪ ಇಲ್ಲ, ನಾನೇ ನಿಂತು ಕೊಡ್ಬೇಕು ಅವಳನ್ನು."

ನನ್ನ ಕೈಯಲ್ಲಿ ಸೋಪು ಇತ್ತು. ನಲ್ಲಿ ಬಿಟ್ಟೆ. ತಾರಸಿಯ ಮೇಲಿಂದ ವಿಮಾನವೊಂದು ನಿಲ್ದಾಣಕ್ಕೆ ಇಳಿಯುತ್ತಾ ಹೋಯಿತು. ಅದರ ಸದ್ದು ಮುಗಿದ ಮೇಲೂ ನಾನು ಉಳಿದ ಪಾತ್ರೆಗಳನ್ನು ತೊಳೆದು ಮಗುಚಿಡುತ್ತಲೇ ಇದ್ದೆ.

ಹೊರಡುವಾಗ ಬಾಗಿಲಿನಿಂದ ಒಮ್ಮೆ ತಿರುಗಿ ನೋಡಿದೆ. ಒಳಗೆ ಎಲೆ ಕಲಸುತ್ತಿದ್ದರು. ಹ್ಯಾರಿಸ್ ಇನ್ನೂ ಸಿಂಕಿನ ಹತ್ತಿರ ನಿಂತಿದ್ದ. ಫೋನಿನ ಬೆಳಕು ಆರದಂತೆ ಹೆಬ್ಬೆರಳಿನಿಂದ ಆಗಾಗ ಮುಟ್ಟುತ್ತಿದ್ದ.