ಶಂಕ್ರಪ್ಪನ ಕರಿ ಎರಡು

ಸವಣೂರಿನ ಎಲೆ ವ್ಯಾಪಾರಿ ಶಂಕ್ರಪ್ಪನಿಗೆ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸಲು ಬರುತ್ತಿತ್ತು ಎನ್ನುವುದಕ್ಕಿಂತ ಕರಿ ಎರಡು ಬಾರಿಸಲು ಬರುತ್ತಿತ್ತು ಎನ್ನುವುದೇ ಸರಿ. ಪೇಟಿಯ ಎರಡನೆಯ ಕರಿ ಪಟ್ಟಿಯೇ ಅವನ ಷಡ್ಜ. ಅವನ ಗಂಟಲಿಗೆ ಅದು ಹೊಂದುತ್ತಿತ್ತು. ಆದ್ದರಿಂದ ಊರಿಗೆಲ್ಲ ಹೊಂದಬೇಕು. ಸೋಮವಾರದ ಭಜನೆಯಲ್ಲಿ ಯಾರಾದರೂ "ಸ್ವಲ್ಪ ಇಳಸ್ರಿ" ಎಂದರೆ, "ಪೇಟಿ ಇಳಿಯೂದಿಲ್ಲ, ನೀನ ಏರು" ಎನ್ನುತ್ತಿದ್ದ.

ಮದುವೆಯಾದ ಹೊಸದರಲ್ಲಿ, ಐವತ್ತೊಂದನೆಯ ಇಸವಿಯಲ್ಲೋ ಐವತ್ತೆರಡರಲ್ಲೋ, ಹೆಂಡತಿ ಫಕ್ಕೀರವ್ವನನ್ನು ತಾನೇ ಭಜನೆಗೆ ಕರೆದೊಯ್ದ. ತವರೂರು ತಡಸದಲ್ಲಿ ಅವಳಿಗೆ ಹಾಡುಗಾರ್ತಿಯೆಂದು ಹೆಸರಿತ್ತು. ಕರಿ ಎರಡರಲ್ಲಿ ಮೇಲಿನ ಸುರಕ್ಕೆ ಹೋಗುವಾಗ ಧ್ವನಿ ಒಡೆಯಿತು. ಕೂತವರು ನಕ್ಕರು. ಶಂಕ್ರಪ್ಪನೂ ನಕ್ಕ, ಹೊಸ ಗಂಡ, ಮರ್ಯಾದೆ ಉಳಿಸಿಕೊಳ್ಳಬೇಕಲ್ಲ.

"ನಿಮ್ಮೂರಾಗ ಹಾಡ್ತಿದ್ದೆಂತ, ಇಲ್ಲಿ ಗಂಟಲಕ್ಕ ಏನಾತು?"

ಅಂದಿನಿಂದ ಅವಳು ಹಾಡಲಿಲ್ಲ, ರೊಟ್ಟಿ ಬಡಿಯುವಾಗಲೂ ಇಲ್ಲ. ಇವಳಿಗೆ ಸುರವೇ ಇಲ್ಲವೆಂದು ಗಂಡ ನಂಬಿದ, ಊರೂ ನಂಬಿತು. ಕುಣಿಯಲಾರದವಳು ನೆಲ ಡೊಂಕು ಅಂದಳು ಎಂಬ ಗಾದೆಯಿದೆ. ಇಲ್ಲಿ ನೆಲವೇ ಡೊಂಕಿತ್ತು, ಅನ್ನಬೇಕಾದವಳು ಮಾತ್ರ ಅನ್ನಲಿಲ್ಲ.

ಅರವತ್ತನಾಲ್ಕರಲ್ಲಿ ಹಾನಗಲ್ಲಿನ ಗೆಳೆಯರು ನಾಟಕ ಕಟ್ಟಿದರು. ಪೇಟಿಗೆ ಶಂಕ್ರಪ್ಪ, ಗಿಟಾರಿಗೆ ಸವಣೂರಿನ ದರ್ಜಿ ನಿಯಾಜ. ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸುತ್ತ ಬಾರಿಸುವುದು ನಿಯಾಜನ ಪದ್ಧತಿ. ಪರದೆ ಏಳುವಾಗ ಬಾರಿಸಲೆಂದು ಚಿಕ್ಕದೊಂದು ತುಣುಕು ಕಟ್ಟಿದ್ದ. ಅದೇ ತಿರುತಿರುಗಿ ಬರುತ್ತಿತ್ತು. ತಾಲೀಮಿನಲ್ಲಿ ಶಂಕ್ರಪ್ಪ ಅದಕ್ಕೆ ಕರಿ ಎರಡು ಒತ್ತಿದ. ಕೇಳಿದವರ ಹಲ್ಲು ಚುಳ್ ಎಂದವು.

"ತಂತಿ ಏರಸೋ ನಿಯಾಜ."

"ಹರೀತಾವ್ರಿ ಶಂಕ್ರಣ್ಣ. ಹುಬ್ಬಳ್ಳಿಗೆ ಹೋಗಿ ಹೊಸಾವು ತರಬೇಕಾಕ್ಕೈತಿ. ನಿಮ್ಮ ಪೇಟ್ಯಾಗ ಅಷ್ಟು ಪಟ್ಟಿ ಅದಾವಲ್ರಿ, ನೀವ ಸರೀರಿ."

ಪೇಟಿಗೆ ಎಲ್ಲ ಪಟ್ಟಿಯೂ ಒಂದೇ, ಬೆರಳಿಗೆ ಅಲ್ಲ. ಶಂಕ್ರಪ್ಪ ನಿಯಾಜನನ್ನು ಮನೆಗೆ ಕರೆದು ಪಡಸಾಲೆಯಲ್ಲಿ ಕೂತ. ತುಣುಕಿನ ಮೊದಲ ಸುರವನ್ನೇ ಷಡ್ಜವೆಂದು ಹಿಡಿದು ಸೋತ. ಆಮೇಲೆ ಅದು ಎಲ್ಲಿ ಬಂದು ನಿಲ್ಲುತ್ತದೆಂದು ಕೇಳುತ್ತ ಒಂದೊಂದೇ ಪಟ್ಟಿ ಒತ್ತಿದ. ಬಿಳಿ ಆರರಲ್ಲಿ ಸಿಕ್ಕಿತು. ಅಲ್ಲಿಂದ ಷಡ್ಜ, ಗಾಂಧಾರ, ಪಂಚಮ ಮೂರನ್ನೂ ಕೂಡಿಸಿ ಒತ್ತಿದಾಗ ಗಿಟಾರಿಗೆ ಹಾಸಿಗೆ ಹಾಸಿದಂತಾಯಿತು. ನಡುವೆ ಒಂದೆಡೆ ಮಾತ್ರ ಚುಚ್ಚುತ್ತಿತ್ತು. ಅಲ್ಲಿ ಮಧ್ಯಮ, ಧೈವತ, ಮೇಲಿನ ಷಡ್ಜಕ್ಕೆ ಸರಿದು ಮರಳಿದ. ಅದೂ ಸರಿಹೋಯಿತು.

"ಭಲೇ!" ಎಂದ ನಿಯಾಜ.

ಖುಷಿಯಲ್ಲಿ ಇಬ್ಬರೂ ಬಾರಿಸುತ್ತಲೇ ಇದ್ದರು. ಅಡುಗೆಮನೆಯಿಂದ ಅದೇ ತುಣುಕು ಕೇಳಿಸಿತು. ಫಕ್ಕೀರವ್ವ ಗುನುಗುತ್ತಿದ್ದಳು. ಮೇಲಿನ ಸುರಕ್ಕೆ ಹೋದಳು, ಧ್ವನಿ ಒಡೆಯಲಿಲ್ಲ. ನಿಯಾಜ ಕೈ ನಿಲ್ಲಿಸಿ ಬಾಗಿಲ ಕಡೆ ನೋಡಿದ. ಗಿಟಾರು ನಿಂತದ್ದೇ ಅವಳೂ ನಿಂತಳು.

ಶಂಕ್ರಪ್ಪನಿಗೆ ನಾಚಿಕೆಯಾಯಿತು. ಇಷ್ಟು ವರ್ಷ ಕೆಟ್ಟಿದ್ದು ಅವಳ ಗಂಟಲಲ್ಲ, ತನ್ನ ಹಟ. ಆದರೆ ಗಂಡಸಿಗೆ ಇಂಥದ್ದು ಹೇಳಲು ಸ್ವಲ್ಪ ಹೊತ್ತು ಬೇಕು.

ನಾಟಕ ಮುಗಿದು ಊರಿಗೆ ಬಂದ ಮರುದಿನ ಪೇಟಿಯನ್ನು ತಂದು ಅಡುಗೆಮನೆಯ ಹೊಸ್ತಿಲ ಮುಂದೆ ಇಟ್ಟ.

"ನಿನಗ ಯಾವ ಪಟ್ಟಿ?"

"ನನಗೇನ ಗೊತ್ತ್ರಿ? ಯಾರರ ಕೇಳ್ಯಾರನು?"

ಅವನು ಬಿಳಿ ಆರು ಒತ್ತಿದ. ಅವಳು ತಲೆ ಅಲ್ಲಾಡಿಸಿದಳು.

"ಅದು ನಿಯಾಜಂದು. ನಂದು ಹುಡುಕ್ರಿ."

ಶಂಕ್ರಪ್ಪ ಗಾಳಿ ತುಂಬುವ ಭಾತೆ ಎಳೆದು ಮೊದಲ ಬಿಳಿಯಿಂದ ಶುರು ಮಾಡಿದ. ಫಕ್ಕೀರವ್ವ ಹಿಟ್ಟಿನ ಕೈ ತೊಳೆದುಕೊಂಡು ಬಂದು ಎದುರಿಗೆ ಕುಳಿತಳು.