ಬಾಗಿಲಿನಿಂದ ಬಂದ ಮೆಣಸಕ್ಕ

ಸ್ಟುಡಿಯೋದಲ್ಲಿ ಎಲ್ಲರೂ ಆಕೆಯನ್ನು ಮೆಣಸಕ್ಕ ಎಂದೇ ಕರೆಯುತ್ತಿದ್ದರು. ಎತ್ತರ ಊಟದ ಮೇಜಿನಷ್ಟು. ಮಾತಿನ ಖಾರ ಮಾತ್ರ ಆಳೆತ್ತರ. ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಾಕುತ್ತಿದ್ದವಳನ್ನು ಟೀವಿಯವರು ಹುಡುಕಿಕೊಂಡು ಬಂದದ್ದು ಆ ಎತ್ತರಕ್ಕಾಗಿಯೇ.

ಅದೊಂದು ಹಾಸ್ಯ ಧಾರಾವಾಹಿ. ಮನೆಯ ಸೊಸೆಗೆ ಮಾಟ ಬರುತ್ತಿತ್ತು. ಗಂಡನಿಗೆ ಅದು ಹಿಡಿಸದ ಕಾರಣ ಕದ್ದುಮುಚ್ಚಿ ಚಿಟಿಕೆ ಹೊಡೆಯುತ್ತಿದ್ದಳು. ಹೊಡೆದಾಗಲೆಲ್ಲ ಬೀರುವಿನಿಂದ ಕುಳ್ಳ ಭೂತವೊಂದು ದೊಪ್ಪನೆ ಬೀಳುತ್ತಿತ್ತು. ಆ ಭೂತವೇ ಮೆಣಸಕ್ಕ. ಮುಖಕ್ಕೆ ಹಸಿರು ಬಣ್ಣ, ತಲೆಗೆ ಕೆದರಿದ ವಿಗ್ಗು, ಮಾತೆಂದರೆ ಬರೀ 'ಗುರ್ರ್'.

ಊರಿಗೆ ಊರೇ ನಕ್ಕಿತು. ಮೆಣಸಕ್ಕನೂ ನಕ್ಕಳು. ಆಕೆಗೆ ಪೆಟ್ಟಾಗಬಾರದೆಂದು ದಿನವೂ ಬೀರುವಿನ ಮುಂದೆ ಹಾಸು ಹಾಕುತ್ತಿದ್ದ ಸ್ಟುಡಿಯೋ ಬಡಗಿ, ಹಾಕುತ್ತ ಹಾಕುತ್ತ ಆಕೆಯನ್ನೇ ಮದುವೆಯಾದ.

ಹೀಗೆಯೇ ವರ್ಷಗಳುರುಳಿದವು. ಒಂದು ಬೆಳಗ್ಗೆ ತರಕಾರಿ ಅಂಗಡಿಯ ಮುಂದೆ, ಅಮ್ಮನ ಕೈ ಹಿಡಿದಿದ್ದ ಹುಡುಗಿಯೊಬ್ಬಳು ಮೆಣಸಕ್ಕನನ್ನೇ ದಿಟ್ಟಿಸಿದಳು. ಆಕೆಯಂತೆಯೇ ಗಿಡ್ಡ ಕೈಕಾಲು, ಅಗಲ ಹಣೆ.

"ನೀವು ಟೀವಿ ಭೂತ ಅಲ್ವಾ ಆಂಟಿ?"

"ಹೌದಮ್ಮ."

"ಸ್ಕೂಲಲ್ಲಿ ನಂಗೂ ಬೀರು ಒಳಗೆ ಹೋಗಿ ಕೂತ್ಕೋ ಅಂತಾರೆ. ನಮ್ಮಂಥೋರು ಮನೇಲಿ ಇರಲ್ವಾ?"

ಅಮ್ಮ ಮಗಳ ಕೈ ಜಗ್ಗಿದಳು. ಮೆಣಸಕ್ಕ ತೂಗಿಸಿದ ಟೊಮ್ಯಾಟೊವನ್ನು ಅಂಗಡಿಯಲ್ಲೇ ಬಿಟ್ಟು ಮನೆಗೆ ಬಂದಳು.

ಗಂಡ ಮುಖ ನೋಡಿದವನೇ ತಟ್ಟೆ ಮುಂದಿಟ್ಟ. "ಊಟ ಮಾಡಿ ಜಗಳಕ್ಕೆ ಹೋಗು. ಖಾಲಿ ಹೊಟ್ಟೇಲಿ ದನಿ ಏಳಲ್ಲ."

ಉಂಡು, ನೇರ ನಿರ್ದೇಶಕರ ಮುಂದೆ ನಿಂತಳು.

"ಏನಕ್ಕ, ಇನ್ನೂ ಬಣ್ಣ ಹಚ್ಕೊಂಡಿಲ್ಲ?"

"ಹಚ್ಕೋತೀನಿ ಸಾರ್. ಬೀಳೋದೂ ಬೀಳ್ತೀನಿ. ಆದ್ರೆ ಒಂದ್ಸಲ ಬಾಗ್ಲಿಂದ ಒಳಗೆ ಬರ್ತೀನಿ, ಮನುಷ್ಯರ ಥರ."

"ಜನ ನಗೋದೇ ನೀವು ಬೀಳೋದಕ್ಕಲ್ವಾ?"

"ಬೀಳದೇನೂ ನಗಿಸ್ತೀನಿ. ನಗಲಿಲ್ಲ ಅಂದ್ರೆ ನಾನೇ ಬೀರು ಒಳಗೆ ಹೋಗಿ ಚಿಲಕ ಹಾಕ್ಕೋತೀನಿ."

ನಿರ್ದೇಶಕರು ಗಡ್ಡ ಕೆರೆದುಕೊಂಡರು. "ಯಾರಾಗಿ ಬರ್ತೀರಿ?"

"ಮನೆ ಓನರ್."

ಚಿತ್ರೀಕರಣದ ದಿನ ಕರೆಗಂಟೆ ಎಟುಕಲಿಲ್ಲ. ಸಹಾಯಕನೊಬ್ಬ, "ಹಾರಿ ಹಾರಿ ಒತ್ತಿ ಅಕ್ಕ, ಮಜಾ ಇರತ್ತೆ" ಎಂದ.

"ನಾನ್ಯಾಕೆ ಹಾರಲಿ? ದಿನಾ ಹೆಂಗೆ ಒತ್ತುತೀನೋ ಹಂಗೇ ಒತ್ತುತೀನಿ" ಎಂದವಳೇ ಕೊಡೆಯ ತುದಿಯಿಂದ ಗಂಟೆ ಬಾರಿಸಿದಳು.

ಸೊಸೆಯ ಗಂಡನ ಪಾತ್ರಧಾರಿ ಬಾಗಿಲು ತೆರೆದು ಎದುರಿಗೆ ನೋಡಿದ, ಯಾರೂ ಇಲ್ಲ. ತಲೆಯೆತ್ತಿ ಮೇಲೆ ನೋಡಿದ.

"ಮೇಲೇನು ನೋಡ್ತೀಯಪ್ಪ, ಜೇಡರ ಬಲೆಯಾ? ಅದನ್ನೂ ಗುಡಿಸಿಲ್ಲ ಅಂತಾಯ್ತು" ಎನ್ನುತ್ತ ಮೆಣಸಕ್ಕ ಅವನನ್ನು ಸರಿಸಿಕೊಂಡು ಒಳನಡೆದಳು. "ಹೊತ್ತಿಲ್ಲ ಗೊತ್ತಿಲ್ಲ, ನಿಮ್ಮನೇಲಿ ದೊಪ್ ದೊಪ್ ಅಂತ ಬೀಳೋದೇನದು?"

ಅವನು ತೊದಲಿದ. ಸೊಸೆ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ಅಲ್ಲಿಗೆ ಬರೆದುಕೊಟ್ಟ ಮಾತು ಮುಗಿದಿತ್ತು, ಮೆಣಸಕ್ಕ ಮುಗಿಸಲಿಲ್ಲ.

"ಕೈ ಯಾಕಮ್ಮ ಮುಚ್ಕೋತೀಯ? ಬರೋ ವಿದ್ಯೆನ ಗಂಡನಿಗೆ ಹೆದ್ರಿ ಮುಚ್ಚಿಟ್ರೆ ತುಕ್ಕು ಹಿಡಿಯತ್ತೆ."

ಸೊಸೆಯ ಪಾತ್ರಧಾರಿ ನಗು ತಡೆಯಲಾರದೆ ಸೆರಗು ಬಾಯಿಗಿಟ್ಟಳು. ಕ್ಯಾಮೆರಾದವನ ಭುಜ ಕುಲುಕಿತು. ನಿರ್ದೇಶಕರು 'ಕಟ್' ಹೇಳುವುದನ್ನೇ ಮರೆತರು.

ಆ ಕಂತಿನ ನಂತರ ಮನೆ ಓನರಮ್ಮ ಧಾರಾವಾಹಿಯಲ್ಲಿ ಕಾಯಂ ಆದಳು. ಭೂತಕ್ಕೆಂದು ಬಡಗಿ ಮರದ ಗೊಂಬೆ ಕಡೆದುಕೊಟ್ಟ. ಬೀರುವಿನಿಂದ ಬಿದ್ದು ಬಿದ್ದು ಅದರ ಮೂಗು ಮುರಿದಾಗ ಮೆಣಸಕ್ಕ ಮೊಣಕೈ ನೀವಿಕೊಂಡು ನಕ್ಕಳು.

ಒಮ್ಮೆ ಕಥೆ ಬರೆಯುವವರು ಕೇಳಿದರು: "ಓನರಮ್ಮಂಗೊಬ್ಬ ಗಂಡನ್ನ ಕೊಡೋಣ್ವಾ ಅಕ್ಕ?"

"ಅದು ಮನೇಲೊಂದಿದೆ, ಸಾಕು. ಕೊಡೋದಾದ್ರೆ ಪಕ್ಕದ ಮನೇನೂ ನಂಗೇ ಕೊಟ್ಬಿಡಿ."

ಕೊಟ್ಟರು.